ಮೈಯ ಕೊಬ್ಬೂ ಹೆಣ್ಣಿನ ಋತುಚಕ್ರವೂ

ಶಕ್ತಿಯನ್ನು ಸೃಷ್ಟಿಸುವುದೂ ಸಾಧ್ಯವಿಲ್ಲ, ನಾಶಮಾಡುವುದೂ ಸಾಧ್ಯವಿಲ್ಲ ಎಂಬ ನಿಯಮವನ್ನು ಕಾಲೇಜಿನ ತರಗತಿಗಳಲ್ಲಿ ವರ್ಷವರ್ಷವೂ ಬೋಧಿಸುವವರು ನಾವು. ಈ ನಿಯಮವನ್ನು ಇತ್ತೀಚೆಗೆ ನಾವು ನಿರೀಕ್ಷಿಸದಿದ್ದ ಕಡೆಯೊಂದರಲ್ಲಿ ಸಾಕ್ಷಿಗೆ ಕರೆಯಲಾಗುತ್ತಿದೆ. ಮೈ ದಪ್ಪವಾಗಿ, ಮುಟ್ಟು ಕ್ರಮತಪ್ಪಿ, ಮದುವೆಯಾಗಿ ನಾಲ್ಕು ವರ್ಷ ಕಳೆದರೂ ಮಕ್ಕಳಾಗದ ಹೆಣ್ಣುಮಗಳ ಮುಂದೆ ಅದನ್ನು ಹಿಡಿಯುತ್ತಾರೆ. "ಉಂಡದ್ದು ಹೆಚ್ಚಾಯಿತು, ದುಡಿದದ್ದು ಕಡಿಮೆಯಾಯಿತು, ಮಿಕ್ಕದ್ದು ಕೊಬ್ಬಾಯಿತು. ಬಾಯಿ ಕಟ್ಟಿದರೆ ಎಲ್ಲವೂ ಸರಿಹೋಗುತ್ತದೆ" ಎಂದು ಬಂಧುಗಳೂ ನೆರೆಹೊರೆಯವರೂ, ಒಮ್ಮೊಮ್ಮೆ ವೈದ್ಯರೂ ತೀರ್ಪು ಕೊಟ್ಟುಬಿಡುತ್ತಾರೆ. ವೈದ್ಯಶಾಸ್ತ್ರವು ನಮ್ಮ ಕ್ಷೇತ್ರವಲ್ಲ. ಆದರೆ ನಮ್ಮ ಶಾಸ್ತ್ರದ ನಿಯಮವೊಂದರ ಬಾಯಿಂದ ಅದು ಹೇಳದಿರುವ ಮಾತನ್ನು ಹೇಳಿಸುತ್ತಿರುವಾಗ ಸುಮ್ಮನೆ ಕುಳಿತಿರುವುದು ನಮಗೆ ಸರಿಯೆಂದು ತೋರುವುದಿಲ್ಲ.

ನಿಯಮವೇನೋ ಸತ್ಯವೇ, ದೇಹವೂ ಅದಕ್ಕೆ ಒಳಪಟ್ಟದ್ದೇ. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿಯಷ್ಟು ಶಕ್ತಿ ಅಡಗಿದೆ. ಅದು ಆಹಾರದಿಂದಲೇ ಬಂದಿರಬೇಕು. ಆದರೆ ಮನೆಯ ಮೇಲಿನ ತೊಟ್ಟಿಯಲ್ಲಿ ನೀರು ಏರುತ್ತಿರುವಾಗ, ಬರುವ ನೀರು ಹೋಗುವ ನೀರಿಗಿಂತ ಹೆಚ್ಚು ಎಂದು ಹೇಳಿದವನು ಏನನ್ನು ವಿವರಿಸಿದಂತಾಯಿತು? ನಲ್ಲಿಯನ್ನು ತಿರುಗಿಸಿದವರು ಯಾರು, ಹೊರಹೋಗುವ ಕೊಳವೆ ಏಕೆ ಕಿರಿದಾಯಿತು ಎಂಬ ಪ್ರಶ್ನೆಗಳಿಗೆ ಆ ಲೆಕ್ಕದಲ್ಲಿ ಉತ್ತರವಿಲ್ಲ. ಹಸಿವು ಎಷ್ಟು, ತೃಪ್ತಿ ಯಾವಾಗ, ಸುಮ್ಮನೆ ಕುಳಿತ ದೇಹ ಎಷ್ಟು ಶಕ್ತಿಯನ್ನು ವ್ಯಯಮಾಡಬೇಕು ಎಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವುದು ಮೆದುಳು ಮತ್ತು ನಿರ್ನಾಳ ಗ್ರಂಥಿಗಳು. ಚರಕಸಂಹಿತೆಯಲ್ಲಿ ನಿಂದಿತರೆನಿಸಿದ ಎಂಟು ಬಗೆಯ ದೇಹಿಗಳನ್ನು ಹೇಳುವ ಅಧ್ಯಾಯವೊಂದಿದೆ. ಅಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ಜೊತೆಯಾಗಿಯೇ ನಿಲ್ಲಿಸಲಾಗಿದೆ. ಸ್ಥೂಲತೆಗೆ ಕಾರಣಗಳನ್ನು ಎಣಿಸುವಾಗ ಅತಿಭೋಜನ, ಹಗಲುನಿದ್ದೆ, ವ್ಯಾಯಾಮವಿಲ್ಲದಿರುವುದು ಇವುಗಳ ಸಾಲಿನಲ್ಲಿ ಬೀಜಸ್ವಭಾವವನ್ನೂ, ಎಂದರೆ ಹುಟ್ಟಿನಿಂದಲೇ ಬಂದುದನ್ನೂ ಸೇರಿಸಿದೆ. ಇಂದಿನ ಉಪದೇಶಕರಿಗೆ ಈ ಕೊನೆಯ ಮಾತು ಮಾತ್ರ ನೆನಪಿರುವಂತೆ ಕಾಣುವುದಿಲ್ಲ.

ಕೊಬ್ಬೆಂದರೆ ಉಗ್ರಾಣದಲ್ಲಿ ಪೇರಿಸಿದ ಅಕ್ಕಿಮೂಟೆಗಳಂತೆ ಜಡವಾದ ದಾಸ್ತಾನೆಂದು ಬಹುಕಾಲ ಭಾವಿಸಲಾಗಿತ್ತು. ಈ ಭಾವನೆಗೆ ಬಲವಾದ ಪೆಟ್ಟು ಬಿದ್ದುದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್ಮನ್ ಮತ್ತು ಅವರ ಸಂಗಡಿಗರು, ಹುಟ್ಟಿನಿಂದಲೇ ವಿಪರೀತ ಬೊಜ್ಜು ಬೆಳೆಯುವ ಚಿಟ್ಟಿಲಿಗಳ ತಳಿಯೊಂದನ್ನು ಪರೀಕ್ಷಿಸಿ, ಅವುಗಳಲ್ಲಿ ಕೆಟ್ಟಿರುವ ಜೀನನ್ನು ಗುರುತಿಸಿದರು. ಆ ಜೀನು ತಯಾರಿಸಬೇಕಾದ ಹಾರ್ಮೋನಿಗೆ ತೆಳುವೆಂಬ ಅರ್ಥದ ಗ್ರೀಕ್ ಪದದಿಂದ ಲೆಪ್ಟಿನ್ ಎಂದು ಹೆಸರಾಯಿತು. ಇದು ಹೊರಡುವುದು ಕೊಬ್ಬಿನ ಕಣಗಳಿಂದಲೇ. ರಕ್ತದ ಮೂಲಕ ಮೆದುಳನ್ನು ಸೇರಿ, ಮೈಯಲ್ಲಿ ಎಷ್ಟು ದಾಸ್ತಾನಿದೆ ಎಂಬ ವರದಿಯನ್ನು ಒಪ್ಪಿಸುತ್ತದೆ.

ಆ ತಳಿಯ ಹೆಣ್ಣಿಲಿಗಳಿಗೆ ಬೊಜ್ಜಿನ ಜೊತೆಗೆ ಬಂಜೆತನವೂ ಇತ್ತು. ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ನಮ್ಮ ಕೋರಿಕೆ. ಆಹಾರವನ್ನು ಕಡಿತಮಾಡಿ ಆ ಇಲಿಗಳನ್ನು ತೆಳ್ಳಗಾಗಿಸಿದರೂ ಅವು ಗರ್ಭ ಧರಿಸಲಿಲ್ಲ. 1996ರಲ್ಲಿ ಅವಕ್ಕೆ ಲೆಪ್ಟಿನ್ ಚುಚ್ಚಿದಾಗ ಗರ್ಭ ಧರಿಸಿ ಮರಿ ಹಾಕಿದವು. ಬಾಯಿ ಕಟ್ಟಿದ್ದರಿಂದ ಆಗದುದು ಹಾರ್ಮೋನಿನಿಂದ ಆಯಿತು. ಇಲಿಗೆ ಹೇಳಿದ್ದೆಲ್ಲ ಮನುಷ್ಯನಿಗೆ ಅನ್ವಯಿಸದು. ಬೊಜ್ಜಿರುವ ಮನುಷ್ಯರಲ್ಲಿ ಬಹುಪಾಲು ಮಂದಿಗೆ ಲೆಪ್ಟಿನ್ನಿನ ಕೊರತೆಯೇನೂ ಇಲ್ಲ, ಅದು ಹೇರಳವಾಗಿದ್ದರೂ ಮೆದುಳು ಅದಕ್ಕೆ ಸರಿಯಾಗಿ ಕಿವಿಗೊಡುವುದಿಲ್ಲ. ಆದರೂ ಕೊಬ್ಬಿಗೂ ಗರ್ಭಕ್ಕೂ ನಡುವೆ ತೂಕವನ್ನು ಬಿಟ್ಟು ಬೇರೆ ದಾರಿಯೂ ಇದೆಯೆಂಬುದು ಈ ಪ್ರಯೋಗದಿಂದ ಸ್ಪಷ್ಟವಾಯಿತು.

ಆ ದಾರಿ ಎಲ್ಲಿಗೆ ಹೋಗುತ್ತದೆ? ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗಕ್ಕೆ. ಭೌತವಿಜ್ಞಾನದವರಾದ ನಮಗೆ ಇಡೀ ವಿಷಯದಲ್ಲಿ ಅತ್ಯಂತ ರೋಚಕವೆನಿಸಿದುದು ಈ ಘಟ್ಟವೇ. ಹೈಪೊಥಲಾಮಸ್ಸಿನಿಂದ ಜಿ.ಎನ್.ಆರ್.ಎಚ್. ಎಂಬ ಹಾರ್ಮೋನು ಹೊರಟು ಕೆಳಗಿರುವ ಪಿಟ್ಯೂಟರಿ ಗ್ರಂಥಿಗೆ ಅಪ್ಪಣೆ ಮಾಡುತ್ತದೆ. ಪಿಟ್ಯೂಟರಿಯು ಎಲ್.ಎಚ್. ಮತ್ತು ಎಫ್.ಎಸ್.ಎಚ್. ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಟ್ಟು ಅಂಡಾಶಯವನ್ನು ನಡೆಸುತ್ತದೆ. ಮೊದಲನೆಯ ಹಾರ್ಮೋನಿನ ರಚನೆ 1971ರಲ್ಲಿ ತಿಳಿಯಿತು. ಗಿಯಮಾ ಮತ್ತು ಶ್ಯಾಲಿ ಎಂಬಿಬ್ಬರಿಗೆ 1977ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಹಾರ್ಮೋನು ಕೈಗೆ ಸಿಕ್ಕಿದ ಮೇಲೆ ಅದನ್ನು ಎಡೆಬಿಡದೆ ರಕ್ತಕ್ಕೆ ಹನಿಸಿದರೆ ಅಂಡಾಶಯವೂ ಎಡೆಬಿಡದೆ ಕೆಲಸಮಾಡೀತೆಂದು ಯಾರಾದರೂ ಊಹಿಸಿಯಾರು. ಪಿಟ್ಸ್‌ಬರ್ಗಿನಲ್ಲಿದ್ದ ಅರ್ನ್‌ಸ್ಟ್ ನೋಬಿಲ್ ಮತ್ತು ಅವರ ಸಹೋದ್ಯೋಗಿಗಳು ರೀಸಸ್ ಕೋತಿಗಳಲ್ಲಿ ಹಾಗೆ ಮಾಡಿ ನೋಡಿದರು. 1978ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ತದ್ವಿರುದ್ಧವಾಗಿತ್ತು. ಎಡೆಬಿಡದೆ ಹನಿಸಿದಾಗ ಪಿಟ್ಯೂಟರಿಯು ಮೌನವಾಯಿತು. ಗಂಟೆಗೊಮ್ಮೆ ಕೆಲವೇ ನಿಮಿಷಗಳ ಕಾಲ ಕೊಟ್ಟು ನಿಲ್ಲಿಸಿದಾಗ ಮತ್ತೆ ಎಚ್ಚೆತ್ತಿತು.

ಎಂದರೆ ಅಪ್ಪಣೆಯ ಅರ್ಥವು ಹಾರ್ಮೋನಿನ ಪ್ರಮಾಣದಲ್ಲಷ್ಟೇ ಇಲ್ಲ, ಅದರ ಮಿಡಿತದ ಆವೃತ್ತಿಯಲ್ಲಿಯೂ ಇದೆ. ಋತುಚಕ್ರದ ಮೊದಲರ್ಧದಲ್ಲಿ ಈ ಮಿಡಿತವು ಸುಮಾರು ಒಂದರಿಂದ ಒಂದೂವರೆ ಗಂಟೆಗೊಮ್ಮೆ ಬರುತ್ತದೆ. ಅಂಡವು ಬಿಡುಗಡೆಯಾದ ಮೇಲೆ, ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ, ಮೂರು ನಾಲ್ಕು ಗಂಟೆಗೊಮ್ಮೆ ಎಂಬಷ್ಟು ನಿಧಾನವಾಗುತ್ತದೆ. ಬೇಗಬೇಗನೆ ಮಿಡಿದರೆ ಎಲ್.ಎಚ್. ಹೆಚ್ಚು, ನಿಧಾನವಾಗಿ ಮಿಡಿದರೆ ಎಫ್.ಎಸ್.ಎಚ್. ಹೆಚ್ಚು. ಬಾನುಲಿ ಪೆಟ್ಟಿಗೆಯ ತಿರುಪನ್ನು ಸರಿಯಾದ ಆವೃತ್ತಿಗೆ ತಿರುಗಿಸದೆ ಬರಿಯ ಸದ್ದನ್ನು ಹೆಚ್ಚಿಸಿದರೆ ನಿಲಯವು ಕೇಳಿಸದೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗಡಿಯಾರವು ಕೊಬ್ಬಿನ ದಾಸ್ತಾನನ್ನು ವಿಚಾರಿಸಿಕೊಂಡು ನಡೆಯುತ್ತದೆ. ದಾಸ್ತಾನು ಬರಿದಾದರೆ ಲೆಪ್ಟಿನ್ ಇಳಿಯುತ್ತದೆ, ಮಿಡಿತಗಳು ವಿರಳವಾಗುತ್ತವೆ, ಮುಟ್ಟು ನಿಲ್ಲುತ್ತದೆ. 1944-45ರ ಚಳಿಗಾಲದಲ್ಲಿ ಜರ್ಮನರ ವಶದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಆಹಾರದ ಸಾಗಣೆ ನಿಂತು, ತಲೆಗೆ ದಿನಕ್ಕೆ ಸಾವಿರ ಕಿಲೋಕ್ಯಾಲೊರಿಯೂ ದೊರೆಯದಾದಾಗ ಅಸಂಖ್ಯಾತ ಹೆಂಗಸರಿಗೆ ಮುಟ್ಟು ನಿಂತಿತು. ಒಂಬತ್ತು ತಿಂಗಳ ತರುವಾಯ ಹುಟ್ಟಿದ ಮಕ್ಕಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. 2004ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ, ಅತಿವ್ಯಾಯಾಮದಿಂದಲೋ ತೂಕ ಕಡಿಮೆಯಾದುದರಿಂದಲೋ ಮುಟ್ಟು ನಿಂತಿದ್ದ ಎಂಟು ಮಂದಿ ಹೆಂಗಸರಿಗೆ ಲೆಪ್ಟಿನ್ ಕೊಟ್ಟಾಗ ಮಿಡಿತಗಳು ಚುರುಕಾದವು, ಮೂವರಲ್ಲಿ ಅಂಡವೂ ಬಿಡುಗಡೆಯಾಯಿತು.

ಇನ್ನು ದಾಸ್ತಾನು ಅತಿಯಾದಾಗಿನ ವಿಷಯ. 1935ರಲ್ಲಿ ಶಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಹೆಂಗಸರ ವೃತ್ತಾಂತವನ್ನು ಪ್ರಕಟಿಸಿದರು. ಮುಟ್ಟಿಲ್ಲದಿರುವುದು, ಕೆಲವರಲ್ಲಿ ಮುಖದ ಮೇಲೆ ಕೂದಲು, ಕೆಲವರಲ್ಲಿ ಬೊಜ್ಜು, ಅಂಡಾಶಯದಲ್ಲಿ ಪುಟ್ಟ ಪುಟ್ಟ ಚೀಲಗಳು ಅವರ ಲಕ್ಷಣಗಳಾಗಿದ್ದವು. ಇಂದು ಪಿ.ಸಿ.ಒ.ಎಸ್. ಎಂಬ ಹೆಸರಿನಲ್ಲಿ ಮನೆಮನೆಯ ಮಾತಾಗಿರುವುದು ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 6ರಿಂದ 13 ಮಂದಿಗೆ ಇದು ಇದೆ. ಅವರಲ್ಲಿ ನೂರಕ್ಕೆ 70ರಷ್ಟು ಮಂದಿಗೆ ತಮಗೆ ಇದು ಇರುವುದೇ ತಿಳಿಯದು. ಹೆಸರು ಮಾತ್ರ ದಾರಿತಪ್ಪಿಸುವಂಥದು. ಅಂಡಾಶಯದಲ್ಲಿ ಕಾಣುವ ಚೀಲಗಳು ಗಡ್ಡೆಗಳಲ್ಲ, ಅರ್ಧ ಬೆಳೆದು ನಿಂತ ಅಂಡಗಳ ಮನೆಗಳು. 2012ರಲ್ಲಿಯೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ನೇಮಿಸಿದ ಮಂಡಲಿಯೊಂದು ಈ ಹೆಸರನ್ನು ಕೈಬಿಡಬೇಕೆಂದು ಸಲಹೆ ಮಾಡಿತ್ತು.

ರೋಗದ ನಡಿಗೆಯನ್ನು ಹೀಗೆ ತಿಳಿಯಬಹುದು. ಸ್ನಾಯುಗಳೂ ಯಕೃತ್ತೂ ಇನ್ಸುಲಿನ್ನಿಗೆ ಸರಿಯಾಗಿ ಮಣಿಯದಿರುವಾಗ ಮೇದೋಜೀರಕ ಗ್ರಂಥಿಯು ಅದನ್ನು ಇನ್ನಷ್ಟು ಸುರಿಸುತ್ತದೆ. ಸ್ನಾಯುಗಳು ಮಣಿಯದಿದ್ದರೂ ಅಂಡಾಶಯವು ಮಣಿಯುತ್ತದೆ. ಹೆಚ್ಚಿದ ಇನ್ಸುಲಿನ್ ಮತ್ತು ಎಲ್.ಎಚ್. ಸೇರಿ ಅಲ್ಲಿ ಆಂಡ್ರೊಜನ್ ಎಂಬ, ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನುಗಳನ್ನು ಬೇಕಾದುದಕ್ಕಿಂತ ಹೆಚ್ಚು ತಯಾರಿಸುತ್ತವೆ. ಈ ಹಾರ್ಮೋನುಗಳನ್ನು ರಕ್ತದಲ್ಲಿ ಕಟ್ಟಿಹಿಡಿದಿಡುವ ಪ್ರೋಟೀನೊಂದು ಯಕೃತ್ತಿನಲ್ಲಿ ತಯಾರಾಗುತ್ತದೆ. ಇನ್ಸುಲಿನ್ ಅದನ್ನೂ ತಗ್ಗಿಸುವುದರಿಂದ ಕಟ್ಟಿಲ್ಲದೆ ಅಲೆಯುವ ಆಂಡ್ರೊಜನ್ ಇನ್ನೂ ಹೆಚ್ಚುತ್ತದೆ. ಅಂಡದ ಬೆಳವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನ್ ಇಲ್ಲ. ಅದಿಲ್ಲದಿದ್ದರೆ ಮೇಲೆ ಹೇಳಿದ ಮಿಡಿತವನ್ನು ನಿಧಾನಿಸುವವರಿಲ್ಲ. ಮಿಡಿತವು ಸದಾ ವೇಗವಾಗಿಯೇ ಉಳಿದು ಎಲ್.ಎಚ್. ಮತ್ತೆ ಏರುತ್ತದೆ. ಆಂಡ್ರೊಜನ್ನು ಹೊಟ್ಟೆಯ ಸುತ್ತ ಕೊಬ್ಬನ್ನು ಸೇರಿಸಲು ನೆರವಾಗುತ್ತದೆ. ಆ ಕೊಬ್ಬು ಇನ್ಸುಲಿನ್ನಿಗೆ ಮಣಿಯದಿರುವ ಗುಣವನ್ನು ಬಲಪಡಿಸುತ್ತದೆ. ಮದುವೆಯ ಮಂಟಪದಲ್ಲಿ ಧ್ವನಿಗ್ರಾಹಕವನ್ನು ಧ್ವನಿವರ್ಧಕದ ಎದುರಿಗೇ ಇಟ್ಟಾಗ ಏಳುವ ಕೀರಲು ಕೂಗನ್ನು ಎಲ್ಲರೂ ಕೇಳಿದ್ದೇವೆ. ಕೂಗನ್ನು ಮೊದಲು ಆರಂಭಿಸಿದುದು ಎರಡರಲ್ಲಿ ಯಾವುದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಮಾತ್ರ ಆಕೆಯ ನಾಲಿಗೆಯೇ ಎಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ! ಮೈ ತೆಳ್ಳಗಿರುವ ಹುಡುಗಿಯರಲ್ಲಿಯೂ ಪಿ.ಸಿ.ಒ.ಎಸ್. ಇರುತ್ತದೆಂಬುದನ್ನೂ, ಅದು ವಂಶದಲ್ಲಿ ಹರಿದುಬರುವ ಸಂಭವ ಹೆಚ್ಚೆಂಬುದನ್ನೂ ಇಂಥವರು ಗಮನಿಸುವುದಿಲ್ಲ.

ಮುಟ್ಟು ತಡವಾದರೆ ತೊಂದರೆಯೇನು, ಒಂದು ರಗಳೆ ತಪ್ಪಿತಷ್ಟೆ ಎನ್ನುವವರೂ ಉಂಟು. ಇದು ಅಪಾಯದ ಮಾತು. ಕೊಬ್ಬಿನ ಅಂಗಾಂಶದಲ್ಲಿ ಅರೊಮಟೇಸ್ ಎಂಬ ಕಿಣ್ವವಿದ್ದು, ಅದು ಆಂಡ್ರೊಜನ್ನನ್ನು ಈಸ್ಟ್ರೊಜನ್ನನ್ನಾಗಿ ಮಾರ್ಪಡಿಸುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈ ಮಾರ್ಪಾಟು ಹೆಚ್ಚು. ಈಸ್ಟ್ರೊಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟರಾನ್ ಆ ಬೆಳವಣಿಗೆಯನ್ನು ಹತೋಟಿಯಲ್ಲಿಟ್ಟು, ತಾನು ಇಳಿದಾಗ ಪದರವು ಕಳಚಿ ಮುಟ್ಟಾಗುವಂತೆ ಮಾಡುತ್ತದೆ. ಮೊದಲನೆಯದು ಇದ್ದು ಎರಡನೆಯದು ಇಲ್ಲದೆ ತಿಂಗಳುಗಟ್ಟಲೆ ಕಳೆದರೆ ಪದರವು ದಪ್ಪವಾಗುತ್ತಲೇ ಹೋಗುತ್ತದೆ. ಒಮ್ಮೆಲೆ ಹತೋಟಿಯಿಲ್ಲದ ರಕ್ತಸ್ರಾವವಾಗಬಹುದು. ವರ್ಷಗಳು ಸಂದರೆ ಗರ್ಭಕೋಶದ ಕ್ಯಾನ್ಸರಿಗೂ ಅದು ನೆಲೆಯಾಗಬಹುದು. ಇದರೊಂದಿಗೆ ಸಕ್ಕರೆ ಕಾಯಿಲೆಯ ಭಯವೂ ಉಂಟು. ಆದುದರಿಂದ ಇದನ್ನು ಮಕ್ಕಳಾಗದವರ ಕಾಯಿಲೆ ಎಂದಷ್ಟೇ ತಿಳಿಯುವುದು ತಪ್ಪು. "ಮದುವೆಯಾದರೆ ಸರಿಹೋಗುತ್ತದೆ" ಎಂದು ಹದಿನೆಂಟರ ಹುಡುಗಿಗೆ ಸಮಾಧಾನ ಹೇಳಿ ಕಳುಹಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಮಾಂಗಲ್ಯಕ್ಕೆ ಇನ್ಸುಲಿನ್ನನ್ನು ಇಳಿಸುವ ಗುಣವಿದೆಯೆಂದು ನಾವು ಎಲ್ಲಿಯೂ ಓದಿಲ್ಲ.

ಇಷ್ಟಾದ ಮೇಲೆ ಅಳತೆಯ ಮಾತು. ಅಳೆಯುವುದೇ ನಮ್ಮ ಕಸುಬಾದುದರಿಂದ ಇದನ್ನು ಬಿಡಲಾಗದು. ಆಸ್ಪತ್ರೆಗಳಲ್ಲಿ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಬೊಜ್ಜನ್ನು ಗೊತ್ತುಮಾಡುತ್ತಾರೆ. ಈ ಭಾಗಲಬ್ಧವು 1830ರ ದಶಕದ ಬೆಲ್ಜಿಯಂ ದೇಶದ ಖಗೋಳಜ್ಞ ಕೆಟಲೆಯದು. ಆತನು ಹುಡುಕುತ್ತಿದ್ದುದು ಸರಾಸರಿ ಮನುಷ್ಯನನ್ನು. ಯಾರ ರೋಗವನ್ನೂ ಆತನು ಪರೀಕ್ಷಿಸುತ್ತಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದನ್ನು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಮಂದಿಯ ಅಳತೆಗಳಿಂದ ಒರೆಹಚ್ಚಿ, ಇಂದಿನ ಬಿ.ಎಂ.ಐ. ಎಂಬ ಹೆಸರನ್ನು ಕೊಟ್ಟರು. ಆ ಏಳು ಸಾವಿರ ಮಂದಿಯೂ ಗಂಡಸರು. ಕೊಬ್ಬು ಎಷ್ಟಿದೆ, ಎಲ್ಲಿದೆ ಎಂಬುದನ್ನು ತಕ್ಕಡಿ ಹೇಳಲಾರದು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ 2004ರಲ್ಲಿ ತಮ್ಮದೇ ಚಿತ್ರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಇಬ್ಬರ ಬಿ.ಎಂ.ಐ. 22.3. ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರ ಮೈಯಲ್ಲಿ ಶೇಕಡ 21.2. ಭಾರತೀಯರಲ್ಲಿ ಮೈ ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂಡುವ ಸ್ವಭಾವ ಹೆಚ್ಚು. ಈ ಕಾರಣದಿಂದಲೇ ನಮ್ಮ ದೇಶದ ತಜ್ಞರು 23ಕ್ಕೆ ಅಧಿಕ ತೂಕವೆಂದೂ 25ಕ್ಕೆ ಬೊಜ್ಜೆಂದೂ ಗೆರೆಯೆಳೆದಿದ್ದಾರೆ; ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರನ್ನು ಮೀರಬಾರದೆಂದಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 24ರಷ್ಟು ಮಂದಿ 25ರ ಗೆರೆಯನ್ನು ದಾಟಿದವರು. ಅದೇ ಸಮೀಕ್ಷೆಯಲ್ಲಿ ಶೇಕಡ 18.7ರಷ್ಟು ಮಂದಿ ತೀರ ಬಡಕಲಾದವರು. ಗಡಿಯಾರವನ್ನು ಕೆಡಿಸುವ ಎರಡು ಕಾರಣಗಳೂ ಒಂದೇ ದೇಶದಲ್ಲಿ, ಎಷ್ಟೋ ಕಡೆ ಒಂದೇ ಬೀದಿಯಲ್ಲಿ ಇವೆ. ಮೂವತ್ತು ರೂಪಾಯಿಯ ಟೇಪೊಂದನ್ನು ತಕ್ಕಡಿಯ ಪಕ್ಕದಲ್ಲಿ ನೇತುಹಾಕುವುದು ಯಾವ ಆಸ್ಪತ್ರೆಗೆ ತಾನೆ ಭಾರವಾದೀತು?

ಹಾಗಾದರೆ ತೂಕವನ್ನು ಇಳಿಸುವುದು ವ್ಯರ್ಥವೇ? ಅಲ್ಲವೇ ಅಲ್ಲ. ಬೊಜ್ಜಿರುವವರು ತಮ್ಮ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟನ್ನು ಕಳೆದರೂ ಅನೇಕರಲ್ಲಿ ಇನ್ಸುಲಿನ್ ಇಳಿದು, ಮುಟ್ಟು ಕ್ರಮಕ್ಕೆ ಬರುತ್ತದೆ. ಎಂಬತ್ತು ಕಿಲೋಗ್ರಾಂ ತೂಕದವರಿಗೆ ಇದು ನಾಲ್ಕರಿಂದ ಎಂಟು ಕಿಲೋಗ್ರಾಂ. ಚಲನಚಿತ್ರದ ತಾರೆಯಂತಾಗಬೇಕಾದ ಅಗತ್ಯವೇನೂ ಇಲ್ಲ. ಮೇಲೆ ವರ್ಣಿಸಿದ ವಿಷವರ್ತುಲವನ್ನು ಯಾವುದಾದರೂ ಒಂದು ಕಡೆ ತುಂಡರಿಸಿದರೂ ಅದರ ಬಲ ಕುಗ್ಗುತ್ತದೆ. ಆದರೆ ನಾಲ್ಕು ಕಿಲೋಗ್ರಾಂ ಇಳಿಸುವುದಕ್ಕೂ ನಡೆಯಲು ಸ್ಥಳ ಬೇಕು, ಹೊತ್ತು ಬೇಕು. ಬೆಳಗಿನ ಐದಕ್ಕೆ ಎದ್ದು ಎಲ್ಲರಿಗೂ ಅಡಿಗೆ ಮಾಡಿ, ಬಸ್ಸು ಹಿಡಿದು, ಹಗಲೆಲ್ಲ ಕುಳಿತು ದುಡಿದು, ಮರಳಿ ಬಂದು ಒಲೆ ಹಚ್ಚುವವಳಿಗೆ ಆ ಹೊತ್ತನ್ನು ಕೊಡುವವರು ಯಾರು? ಹತ್ತನೆಯ ತರಗತಿ ಬಂತೆಂದರೆ ಹೆಣ್ಣುಮಕ್ಕಳ ಆಟವನ್ನು ನಿಲ್ಲಿಸುವ ಮನೆಗಳೇ ಹೆಚ್ಚು. ಉಪದೇಶ ಮಾಡುವವರು ಸಂಜೆಯ ಅಡಿಗೆಯನ್ನು ವಾರಕ್ಕೆ ಮೂರು ದಿನ ವಹಿಸಿಕೊಂಡರೆ ಅದು ಉಪದೇಶಕ್ಕಿಂತ ಹೆಚ್ಚು ಕ್ಯಾಲೊರಿಗಳನ್ನು ಕರಗಿಸೀತು.

ಔಷಧಗಳೂ ಇವೆ. ಅರೊಮಟೇಸ್ ಕಿಣ್ವವನ್ನು ತಡೆಯುವ ಲೆಟ್ರೊಜೋಲ್ ಎಂಬುದನ್ನು ಅಂಡ ಬಿಡುಗಡೆಗಾಗಿ ಕೊಟ್ಟು 750 ಮಂದಿ ಹೆಂಗಸರಲ್ಲಿ ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂದಿತು. ಹಳೆಯ ಔಷಧವಾದ ಕ್ಲೊಮಿಫೀನ್ ಪಡೆದವರಲ್ಲಿ ಶೇಕಡ 19.1ರಷ್ಟು ಮಂದಿಗೆ ಮಕ್ಕಳಾದರೆ, ಇದನ್ನು ಪಡೆದವರಲ್ಲಿ ಶೇಕಡ 27.5ರಷ್ಟು ಮಂದಿಗೆ ಆದವು. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಪ್ರಚಾರವೂ ನಮ್ಮಲ್ಲಿ ಜೋರಾಗಿದೆ. ಇವುಗಳಲ್ಲಿ ಒಂದಾದ ಸೆಮಗ್ಲೂಟೈಡನ್ನು ಗರ್ಭ ಧರಿಸಬೇಕೆಂದಿರುವವರು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕೆಂಬುದು ಪ್ರಚಾರಕರ ಬಾಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಮತ್ತೊಂದು ಮಾತು. ಬಂಜೆ ಎಂಬುದು ಹೆಣ್ಣಿಗೆ ಮಾತ್ರ ಸಲ್ಲುವ ಪದ; ಗಂಡಸಿಗೆ ಅದೇ ಅರ್ಥದಲ್ಲಿ ಬಳಕೆಯಲ್ಲಿರುವ ಮಾತು ನಮ್ಮ ಭಾಷೆಯಲ್ಲಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಬೊಜ್ಜು ಬೆಳೆದ ಗಂಡಸಿನ ಕೊಬ್ಬಿನಲ್ಲಿಯೂ ಅದೇ ಅರೊಮಟೇಸ್ ಕೆಲಸಮಾಡುತ್ತದೆ. ಆತನ ವೀರ್ಯಪರೀಕ್ಷೆ ಒಂದು ಬೆಳಗಿನ ಕೆಲಸ. ಆದರೂ ಹೆಂಡತಿಗೆ ಎರಡು ಮೂರು ವರ್ಷ ಮಾತ್ರೆ ನುಂಗಿಸಿದ ಮೇಲೆಯೇ ಅದನ್ನು ಮಾಡಿಸುವ ಮನೆತನಗಳನ್ನು ಎಲ್ಲರೂ ಬಲ್ಲೆವು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಅಮೆರಿಕದ ಪ್ರಸೂತಿತಜ್ಞರ ಮತ್ತು ಶಿಶುವೈದ್ಯರ ಸಂಘಗಳು 2006ರಲ್ಲಿ, ಹುಡುಗಿಯರ ಋತುಚಕ್ರವನ್ನು ನಾಡಿ, ಉಸಿರು, ರಕ್ತದೊತ್ತಡಗಳಂತೆ ಆರೋಗ್ಯದ ಮೂಲಲಕ್ಷಣವೆಂದು ಎಣಿಸಬೇಕೆಂದು ಹೇಳಿದವು. ನಮ್ಮಲ್ಲಿ ಜ್ವರಕ್ಕೆ ಹೋದರೂ ನಾಡಿ ಹಿಡಿಯುತ್ತಾರೆ, ಮುಟ್ಟಿನ ಮಾತು ಬಂದಾಗ ದನಿ ತಗ್ಗಿಸುತ್ತಾರೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಮುಟ್ಟಾದ ದಿನಕ್ಕೊಂದು ಗುರುತು ಹಾಕುವಂತೆ ತಾಯಂದಿರು ಮಗಳಿಗೆ ಕಲಿಸಲಿ. ದೊಡ್ಡವಳಾದ ಮೊದಲ ವರ್ಷದಲ್ಲಿ ಏರುಪೇರು ಸಹಜ. ಅನಂತರದ ಎರಡು ವರ್ಷಗಳಲ್ಲಿ ಗುರುತುಗಳ ನಡುವಣ ಅಂತರವು ಮತ್ತೆ ಮತ್ತೆ 45 ದಿನಗಳನ್ನು ಮೀರಿದರೆ, ಆಮೇಲೆ 35 ದಿನಗಳನ್ನು ಮೀರಿದರೆ ಅಥವಾ ವರ್ಷದಲ್ಲಿ ಎಂಟು ಗುರುತುಗಳೂ ಬೀಳದಿದ್ದರೆ, ಮೊದಲ ವರ್ಷ ಕಳೆದ ಮೇಲೆ ಒಂದೇ ಸಲವಾದರೂ 90 ದಿನ ದಾಟಿದರೆ, ಆ ಕ್ಯಾಲೆಂಡರನ್ನು ಸುರುಳಿ ಸುತ್ತಿ ವೈದ್ಯರ ಬಳಿಗೆ ಒಯ್ಯಬೇಕು. ಹುಡುಗಿ ದಪ್ಪಗಿದ್ದರೂ ಸರಿ, ತೆಳ್ಳಗಿದ್ದರೂ ಸರಿ. ಮದುವೆ ಗೊತ್ತಾಗಿದ್ದರೂ ಸರಿ, ಆಗದಿದ್ದರೂ ಸರಿ.